ಒಂದು ಪ್ಯಾಕೆಟ್, ಮೂರು ಜನ

ಹೊಲಿಗೆ ಟೀಚರಮ್ಮನ ಗಂಡನಿಗೆ ಊರೆಲ್ಲ ಇಟ್ಟ ಹೆಸರು ಮೈಕ್ ಮಾಮ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು ಅವರು. ಆದರೆ ಆ ಕೆಲಸವನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಪಂದ್ಯವಿದ್ದಾಗಲೆಲ್ಲ ಮೈಕ್ ಹಿಡಿದು ಆಟವನ್ನು ವಿವರಿಸುತ್ತಿದ್ದವರು ಎಂದೇ ಎಲ್ಲರಿಗೂ ಗೊತ್ತು. ಚೆಂಡು ಮೈದಾನದ ನಡುವೆ ನಿದ್ದೆ ಹೊಡೆಯುತ್ತಿದ್ದರೂ ಮಾಮನ ಬಾಯಲ್ಲಿ ಅದು ಬೆಂಕಿಯುಂಡೆಯಾಗುತ್ತಿತ್ತು. ಆಟ ನೋಡಲು ಬಂದವರು ಮಾಮನ ಮಾತಿಗೆ ಕಿವಿಕೊಟ್ಟು ಕೂತು, ಎದುರಿಗೇ ಆದ ಗೋಲನ್ನು ತಪ್ಪಿಸಿಕೊಂಡದ್ದೂ ಉಂಟು. ಟೀಚರಮ್ಮ ಮಾತ್ರ ಒಂದು ದಿನವೂ ಮೈದಾನದ ಕಡೆ ತಲೆ ಹಾಕಿದವರಲ್ಲ. "ಮನೇಲಿ ಕೇಳೋದೇ ಸಾಕಾಗಿದೆ, ಇನ್ನು ಅಲ್ಲಿಗೆ ಬೇರೆ ಹೋಗ್ಬೇಕಾ" ಎನ್ನುತ್ತಿದ್ದರು.

ಮಾಮನ ಎದೆ ಕೈಕೊಟ್ಟ ಮೇಲೆ ಇದಕ್ಕೆಲ್ಲ ತೆರೆ ಬಿತ್ತು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸಣ್ಣ ಕೊಳವೆ ಕೂರಿಸಿ ಕಳಿಸಿದ ಡಾಕ್ಟರು ಎರಡು ಮಾತು ಹೇಳಿದರು: ಉಪ್ಪು ಕಮ್ಮಿ ಮಾಡಿ, ಉದ್ವೇಗ ಬಿಡಿ. ಮೊದಲನೆಯದರಿಂದ ಮಾಮನ ನಾಲಿಗೆ ಸತ್ತಿತು, ಎರಡನೆಯದರಿಂದ ಬಾಯಿಗೆ ಬೀಗ ಬಿತ್ತು. ಮೈಕು ಬೇರೆಯವರ ಕೈಗೆ ಹೋಯಿತು. ಊಟ ಸಪ್ಪೆ, ಊಟ ಮಾಡುವವರ ಮುಖ ಅದಕ್ಕಿಂತ ಸಪ್ಪೆ. ಮಾತಿಗೆ ಮಾತು ಸೇರಿಸಿ ಮನೆ ತುಂಬಿಸುತ್ತಿದ್ದ ಮನುಷ್ಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹೂಂ, ಉಹುಂ ಎನ್ನುವುದನ್ನು ಕೇಳಿ ಕೇಳಿ ಟೀಚರಮ್ಮನಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಇಷ್ಟು ವರ್ಷ ಸ್ವಲ್ಪ ಸುಮ್ಮನಿರಿ ಎಂದು ಬೇಡಿಕೊಂಡದ್ದಕ್ಕೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗಿತ್ತು.

ದಿನಾ ನಡೆಯಬೇಕು ಎಂದೂ ಡಾಕ್ಟರು ಹೇಳಿದ್ದರು. ಸುಮ್ಮನೆ ನಡೆ ಎಂದರೆ ಮಾಮ ಜಗ್ಗುವ ಗಿರಾಕಿಯಲ್ಲ. ಹಾಗಾಗಿ ಟೀಚರಮ್ಮ ಒಂದು ಸಂಜೆ ಅವರ ಕೈಗೆ ಚೀಲ ಕೊಟ್ಟು, ಬೀದಿಯ ಕೊನೆಯಲ್ಲಿದ್ದ ಸೂಪರ್ ಮಾರ್ಕೆಟ್ಟಿಗೆ ಅಟ್ಟಿದರು.

"ಟೊಮೇಟೊ ಸಾಸ್ ತಗೊಂಡು ಬನ್ನಿ. ಉಪ್ಪು ಕಮ್ಮಿ ಇರೋದು ನೋಡಿ ತನ್ನಿ."

"ಸಾಸಿಗೆ ಉಪ್ಪು ಹಾಕಿರೋದು ನೋಡಿದ್ರೆ ಹೇಗೆ ಗೊತ್ತಾಗುತ್ತೆ? ನೆಕ್ಕಿ ನೋಡ್ಲಾ?"

"ಬಾಟಲಿ ಹಿಂದೆ ಬರೆದಿರ್ತಾರೆ ರೀ. ಕನ್ನಡಕ ಹಾಕ್ಕೊಳ್ಳಿ."

ಹೋದವರು ಬರಲೇ ಇಲ್ಲ. ಟೀಚರಮ್ಮ ಹೊಲಿಯುತ್ತಿದ್ದ ಶಾಲಾ ಅಂಗಿಯ ಕಾಲರು ಮುಗಿಯಿತು, ತೋಳು ಮುಗಿಯಿತು, ಕಾಜಾ ಗುಂಡಿಯೂ ಮುಗಿಯಿತು. ಸಾಸು ತರಲು ಇಷ್ಟು ಹೊತ್ತೇ? ದಾರಿಯಲ್ಲಿ ಎಲ್ಲಾದರೂ ಎದೆ ಹಿಡಿದುಕೊಂಡು ಕೂತುಬಿಟ್ಟರೋ ಎಂಬ ಯೋಚನೆ ಬಂದದ್ದೇ ಜೀವ ಬಾಯಿಗೆ ಬಂತು. ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನೂ ತೆಗೆಯದೆ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದರು.

ಅಂಗಡಿಯ ಬಾಗಿಲಲ್ಲೇ ದನಿ ಕೇಳಿತು. ಆಸ್ಪತ್ರೆಗೆ ಹೋಗುವ ಮುಂಚಿನ ದನಿ. ಟೀಚರಮ್ಮನ ಕಾಲುಗಳು ಅಲ್ಲೇ ನಿಂತುಬಿಟ್ಟವು.

ಸಾಸು ಉಪ್ಪಿನಕಾಯಿಗಳ ಸಾಲಿನಲ್ಲಿ ಹತ್ತಾರು ಜನ ಬುಟ್ಟಿ ಹಿಡಿದು ಗುಂಪುಗಟ್ಟಿದ್ದರು. ನಡುವೆ ಮಾಮ, ಒಂದೊಂದು ಕೈಯಲ್ಲಿ ಒಂದೊಂದು ಬಾಟಲಿ. "ಎಡಗಡೆ ಉದ್ದ ಕತ್ತಿನ ಬಾಟಲಿ, ಮೈಮೇಲೆ ತೋಟದ ಚಿತ್ರ, ನೋಡಿದ್ರೆ ಈಗ ತಾನೆ ಗಿಡದಿಂದ ಇಳಿದು ಬಂದ ಹಾಗಿದೆ. ಬಲಗಡೆ ಮೋಟು ಬಾಟಲಿ, ಮುಖದಲ್ಲಿ ಕಳೆ ಇಲ್ಲ. ಬೆನ್ನು ತಿರುಗಿಸೋಣ. ಮೋಟನಲ್ಲಿ ಸಕ್ಕರೆ ನೂರಕ್ಕೆ ಹದಿನಾಲ್ಕು ಗ್ರಾಂ. ತೋಟದವನಲ್ಲಿ ಇಪ್ಪತ್ತಾರು. ಇಪ್ಪತ್ತಾರು ಸ್ವಾಮಿ, ಕಾಲುಭಾಗ ಸಕ್ಕರೆ, ಇದು ಸಾಸಲ್ಲ, ಜಾಮು ಟೊಮೇಟೊ ವೇಷ ಹಾಕ್ಕೊಂಡು ಬಂದಿದೆ. ಈಗ ಉಪ್ಪು. ಉಪ್ಪು ಇಲ್ಲಿ ಸ್ವಂತ ಹೆಸರಲ್ಲಿ ಆಡ್ತಾ ಇಲ್ಲ, ಸೋಡಿಯಂ ಅಂತ ಹೆಸರು ಬದಲಾಯಿಸ್ಕೊಂಡು ಇಳಿದಿದೆ. ನಾವು ಬಿಡ್ತೀವಾ, ಹಿಡಿದೇ ಹಿಡೀತೀವಿ..."

ಒಬ್ಬಾಕೆ ತನ್ನ ಬುಟ್ಟಿಯಲ್ಲಿದ್ದ ತೋಟದ ಚಿತ್ರದ ಬಾಟಲಿಯನ್ನು ಮೆಲ್ಲಗೆ ಎತ್ತಿ ಕಪಾಟಿಗೆ ವಾಪಸ್ಸಿಟ್ಟಳು. ಪಕ್ಕದವನು ಬಿಸ್ಕತ್ತಿನ ಪೊಟ್ಟಣ ಚಾಚಿ, "ಮಾಮ, ಇದನ್ನೂ ಒಂದು ಕೈ ನೋಡಿ" ಎಂದ. ಮಾಮನ ಕಣ್ಣು ಮಿಂಚುತ್ತಿತ್ತು, ಹಣೆಯಲ್ಲಿ ಬೆವರು. ಟೀಚರಮ್ಮ ಜನರನ್ನು ಸರಿಸಿಕೊಂಡು ಹೋಗಿ ಗಂಡನ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಏನ್ರೀ ಇದು? ಡಾಕ್ಟರ್ ಏನಂದಿದ್ರು?"

"ಉಪ್ಪು ಕಮ್ಮಿ ಮಾಡಿ ಅಂದಿದ್ರು. ಅದನ್ನೇ ಮಾಡ್ತಾ ಇದ್ದೀನಲ್ಲ."

ಸುತ್ತಲಿನವರು ನಕ್ಕರು. ಟೀಚರಮ್ಮ ಗಂಡನನ್ನು ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದರು. ಬೈದರು, ಮಲಗಿಸಿದರು. ಆದರೆ ಅಂದು ಮಾಮ ಸಪ್ಪೆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಊಟದುದ್ದಕ್ಕೂ ಬಿಸ್ಕತ್ತಿನ ವಿಷಯ. ಮರುದಿನ ಟೀಚರಮ್ಮ ಗಂಡನಿಗೆ ಹೇಳದೆ ಡಾಕ್ಟರ ಬಳಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದರು. ಡಾಕ್ಟರು ಮೇಜು ಬಡಿದು ನಕ್ಕುಬಿಟ್ಟರು. "ನಾನು ಬೇಡ ಅಂದಿದ್ದು ಬಿಸಿಲಲ್ಲಿ ಎರಡೆರಡು ಗಂಟೆ ನಿಂತು ಕಿರಿಚೋದನ್ನ. ಸಾಸಿನ ಬಾಟಲಿ ಓದೋದನ್ನ ಅಲ್ಲಮ್ಮ. ಕೂತ್ಕೊಂಡು ಹೇಳ್ಲಿ, ನಡುನಡುವೆ ನೀರು ಕುಡೀಲಿ."

ಮನೆಗೆ ಮರಳುವಾಗ ಟೀಚರಮ್ಮನ ಕಾಲು ನೆಲಕ್ಕೆ ತಾಗಿದಂತೆಯೇ ಇರಲಿಲ್ಲ.

ಅಂಗಡಿಯ ಮ್ಯಾನೇಜರ್ ಚುರುಕು ಹೆಣ್ಣುಮಗಳು. ಮೊದಲ ದಿನ ಗುಂಪು ಕಂಡು ಗಾಬರಿಯಾಗಿದ್ದವಳು, ಆ ಗುಂಪು ಕೈ ಬೀಸಿಕೊಂಡು ಹೊರಗೆ ಹೋಗಲಿಲ್ಲ ಎಂಬುದನ್ನೂ ಗಮನಿಸಿದ್ದಳು. ರಿಯಾಯಿತಿ ಕೂಗಲು ಇಟ್ಟಿದ್ದ ಮೈಕನ್ನು ಮಾಮನಿಗೆ ಕೊಟ್ಟಳು, ಕೂರಲು ಒಂದು ಎತ್ತರದ ಸ್ಟೂಲು ಹಾಕಿಸಿದಳು. ಶನಿವಾರ ಸಂಜೆ ಪಂದ್ಯ ಎಂದು ನಿಗದಿಯಾಯಿತು. ಬ್ರೆಡ್ಡಿಗೂ ಬ್ರೆಡ್ಡಿಗೂ, ಹಣ್ಣಿನ ರಸಕ್ಕೂ ಸೋಡಾಕ್ಕೂ, ಚಿಪ್ಸಿಗೂ ಚಿಪ್ಸಿಗೂ. ಟೀಚರಮ್ಮ ನೀರಿನ ಬಾಟಲಿ ಹಿಡಿದು ಸ್ಟೂಲಿನ ಪಕ್ಕ ನಿಲ್ಲುತ್ತಿದ್ದರು.

ಅಲ್ಲಿ ನಿಂತು ಅವರು ನೋಡಿದ್ದು ಜನರ ಕೈಗಳನ್ನು. ಹೊಲಿಗೆಯವರಿಗೆ ಮೊದಲು ಕಣ್ಣಿಗೆ ಬೀಳುವುದೇ ಕೈ. ಮುಂಚೆಲ್ಲ ಆ ಕೈಗಳು ಕಪಾಟಿನಿಂದ ಪೊಟ್ಟಣ ಎತ್ತಿ ನೇರ ಬುಟ್ಟಿಗೆ ಹಾಕುತ್ತಿದ್ದವು. ಮುಂಭಾಗದಲ್ಲಿ ಓಡುತ್ತಿರುವ ಹುಡುಗಿಯೋ, ಹಸಿರು ಎಲೆಯೋ, ಮಂಜಿನ ಹನಿ ಕೂತ ಹಣ್ಣೋ ಇದ್ದರೆ ಸಾಕು. ಈಗ ನಡುವೆ ಒಂದು ತಿರುವು ಬಂದಿತ್ತು. ಎತ್ತಿದ ಪೊಟ್ಟಣ ಬುಟ್ಟಿಗೆ ಬೀಳುವ ಮುನ್ನ ಮಣಿಕಟ್ಟು ಹೊರಳುತ್ತಿತ್ತು, ಅದರ ಬೆನ್ನು ಮುಂದಾಗುತ್ತಿತ್ತು, ಹುಬ್ಬು ಗಂಟಾಗುತ್ತಿತ್ತು. ಮದುವೆಯಾದಂದಿನಿಂದ ಒಂದೇ ಬಿಸ್ಕತ್ತು ತಿಂದುಕೊಂಡು ಬಂದ ಒಬ್ಬ ದಪ್ಪ ಮನುಷ್ಯ ಅದರ ಹಿಂಬದಿ ಓದಿ, "ನೀನೂನಾ?" ಎಂದು ಪೊಟ್ಟಣವನ್ನೇ ಕೇಳಿ, ಹಳೆಯ ಸ್ನೇಹಿತನನ್ನು ಬಸ್ ಹತ್ತಿಸುವವನಂತೆ ಕಪಾಟಿಗೆ ಇಟ್ಟು ಹೋದ. ಇನ್ನೊಬ್ಬಳು ಎಲ್ಲ ಓದಿ, ಎಲ್ಲ ತಿಳಿದು, "ಇರ್ಲಿ ಬಿಡಿ, ಇದು ನನ್ನ ಸಂತೋಷಕ್ಕೆ" ಎಂದು ಚಾಕೊಲೇಟನ್ನು ಬುಟ್ಟಿಗೆ ಹಾಕಿಕೊಂಡಳು. ಮಾಮ ಅವಳಿಗೂ ಚಪ್ಪಾಳೆ ಹೊಡೆಸಿದರು.

ಹೀಗೆ ಆಟ ರಂಗೇರಿದ್ದಾಗ ಒಂದು ಶನಿವಾರ ಸೂಪಿನ ಪಂದ್ಯ ಬಂತು. ಬಿಸಿ ನೀರಿಗೆ ಪುಡಿ ಸುರಿದರೆ ಆಗುವ ಸೂಪು. ಒಂದು ಕೆಂಪು ಪ್ಯಾಕೆಟ್, ಹಳೆಯ ಕಾಲದ್ದು, ಮೇಲೆ ಬಟ್ಟಲಿನ ಚಿತ್ರ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಹೊಸದಾಗಿ ಬಂದ ಹಸಿರು ಪ್ಯಾಕೆಟ್, ಅದರ ಮೇಲೆ ಎಲೆ, ಎಲೆಯ ಮೇಲೆ ಒಂದು ಹೃದಯ. ಮಾಮ ಕನ್ನಡಕ ಏರಿಸಿ ಓದಿದರು. "ಕೆಂಪು ತಂಡ, ಸೋಡಿಯಂ ಆರುನೂರು ಮಿಲಿಗ್ರಾಂ. ಹಸಿರು ತಂಡ..." ದನಿ ಒಂದು ಕ್ಷಣ ನಿಂತಿತು, ಅಂಗಡಿಯೂ ನಿಂತಿತು. "ಇನ್ನೂರ ತೊಂಬತ್ತು. ಅರ್ಧಕ್ಕಿಂತ ಕಮ್ಮಿ. ಇದು ಗೆಲುವಲ್ಲ, ಇದು ಎದುರಾಳಿನ ಮೈದಾನದಿಂದಲೇ ಎತ್ತಿ ಆಚೆ ಹಾಕಿದ್ದು."

ಜನ ಹಸಿರು ಪ್ಯಾಕೆಟ್ಟಿಗೆ ಮುಗಿಬಿದ್ದರು. ಎಲ್ಲರಿಗಿಂತ ಮುಂದೆ ಇದ್ದವಳು ಟೀಚರಮ್ಮನ ಮೇಲ್ಮನೆಯ ಬಸ್ ಡ್ರೈವರನ ಹೆಂಡತಿ. ಡ್ರೈವರನಿಗೆ ರಕ್ತದೊತ್ತಡ ಇತ್ತು. ಬೆಳಗಿನ ಪಾಳಿಗೆ ಹೋಗುವ ಮುಂಚೆ, ಪಾಳಿ ಮುಗಿಸಿ ಬಂದ ಮೇಲೆ ಬಿಸಿಬಿಸಿ ಏನಾದರೂ ಬೇಕು. ಅವಳು ಪ್ಯಾಕೆಟ್ಟುಗಳ ಒಂದು ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದಳು.

ಕೆಲವು ವಾರ ಕಳೆದವು. ಇನ್ನೊಂದು ಶನಿವಾರ ಮಧ್ಯಾಹ್ನ, ಹೊಲಿಗೆಯ ನಡುವೆ ಅಡುಗೆಗೆ ಬಿಡುವಾಗದೆ, ಟೀಚರಮ್ಮ ಅಲಮಾರಿಯಲ್ಲಿ ಮರೆತೇ ಹೋಗಿದ್ದ ಹಸಿರು ಪ್ಯಾಕೆಟ್ ತೆಗೆದರು. ಎಷ್ಟು ನೀರು ಹಾಕಬೇಕು ಎಂದು ನೋಡಲು ಹಿಂಬದಿ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕೋಷ್ಟಕದ ಅಡಿಯಲ್ಲಿ, ಮಡಿಕೆಯ ಅಂಚಿನಲ್ಲಿ, ಸೂಜಿಯ ಕಣ್ಣಿನಷ್ಟು ಸಣ್ಣ ಅಕ್ಷರಗಳಿದ್ದವು: ಮೇಲಿನ ಅಂಕಿಗಳು ಒಂದು ಸರ್ವಿಂಗಿಗೆ. ಈ ಪ್ಯಾಕೆಟ್ಟಿನಲ್ಲಿ ಮೂರು ಸರ್ವಿಂಗ್.

ಟೀಚರಮ್ಮನಿಗೆ ಮೊದಲು ನಗು ಬಂತು. ಈ ಒಂದು ಬಟ್ಟಲು ಮೂರು ಜನಕ್ಕಾ? ಯಾರು ಆ ಮೂರು ಜನ, ಗುಬ್ಬಚ್ಚಿಗಳಾ? ತಮಾಷೆಗೆಂದೇ ಸೂಪು ಮಾಡಿ ಮೂರು ಪುಟ್ಟ ಸ್ಟೀಲ್ ಲೋಟಗಳಿಗೆ ಸಮನಾಗಿ ಸುರಿದರು. ಒಂದೊಂದರಲ್ಲೂ ಎರಡು ಗುಟುಕಿನಷ್ಟು ಬಿತ್ತು. ಆಮೇಲೆ ಲೆಕ್ಕ ಹಾಕಿದರು. ಇನ್ನೂರ ತೊಂಬತ್ತು ಅಂದರೆ ಈ ಎರಡು ಗುಟುಕಿಗೆ. ಬಟ್ಟಲು ಪೂರ್ತಿ ಕುಡಿದರೆ ಅದರ ಮೂರರಷ್ಟು, ಎಂಟುನೂರ ಎಪ್ಪತ್ತು. ಕೆಂಪು ಪ್ಯಾಕೆಟ್ಟಿನದು? ಮುಂಚೆ ತಂದಿದ್ದೊಂದು ಅಲಮಾರಿಯಲ್ಲೇ ಇತ್ತು, ಅದನ್ನೂ ಹುಡುಕಿ ತೆಗೆದು ಓದಿದರು. ಅಂಕಿ ಇಡೀ ಪ್ಯಾಕೆಟ್ಟಿಗೆ, ಆರುನೂರೇ.

ಅಂದರೆ ಅಂದು ಗೆದ್ದದ್ದು ಕೆಂಪು. ಮಾಮ ಕೂಗಿದ್ದು ಹಸಿರು. ಊರೆಲ್ಲ ಕೊಂಡದ್ದು ಹಸಿರು.

ಅದೇ ಹೊತ್ತಿಗೆ ಮೇಲಿನ ಮನೆಯ ಬಾಗಿಲು ತೆರೆದ ಸದ್ದಾಯಿತು. ಡ್ರೈವರ್ ಪಾಳಿ ಮುಗಿಸಿ ಬಂದಿದ್ದ. ಎರಡು ದಿನದ ಹಿಂದೆ ಅವನ ಹೆಂಡತಿ, ಇವರ ಕಾಲು ಊದಿಕೊಂಡು ಬೂಟು ಹಿಡಿಸ್ತಾ ಇಲ್ಲ, ಸೋಮವಾರ ಡಿಪೋದಲ್ಲಿ ಆರೋಗ್ಯ ತಪಾಸಣೆ ಬೇರೆ ಇದೆ ಎಂದಿದ್ದಳು. ಟೀಚರಮ್ಮ ಮೂರು ಲೋಟವನ್ನೂ ಪ್ಯಾಕೆಟ್ಟನ್ನೂ ತಟ್ಟೆಯಲ್ಲಿಟ್ಟುಕೊಂಡು, ಒಂದೊಂದೇ ಹತ್ತುವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

ಡ್ರೈವರ್ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಹಬೆಯಾಡುವ ಬಟ್ಟಲು. ಚಮಚ ಬಾಯಿಯ ಹತ್ತಿರ ಹೋಗಿತ್ತು.

"ಇಳಿಸಪ್ಪ ಅದನ್ನ" ಎಂದರು ಟೀಚರಮ್ಮ, ಬಾಗಿಲಲ್ಲೇ ಏದುಸಿರು ಬಿಡುತ್ತಾ. "ಕುಡೀಬೇಡ."

ಅವನು ಚಮಚ ಇಳಿಸಿದ. ಹೆಂಡತಿ ಒಳಗಿಂದ ಓಡಿ ಬಂದಳು. ಟೀಚರಮ್ಮ ಲೋಟಗಳನ್ನು ಸಾಲಾಗಿ ಇಟ್ಟು, ಪ್ಯಾಕೆಟ್ಟಿನ ಸಣ್ಣ ಅಕ್ಷರಕ್ಕೆ ಉಗುರು ಒತ್ತಿ ತೋರಿಸಿ, ವಿಷಯ ಹೇಳಿದರು. ಡ್ರೈವರ್ ಲೋಟಗಳನ್ನು ನೋಡಿದ, ತನ್ನ ಬಟ್ಟಲು ನೋಡಿದ, ಮೇಜಿನ ಕೆಳಗೆ ತನ್ನ ಕಾಲು ನೋಡಿಕೊಂಡ. ಹೆಂಡತಿ ಪ್ಯಾಕೆಟ್ಟನ್ನು ಕಸಿದುಕೊಂಡು ಓದಿದಳು. ಅವಳ ಕೆನ್ನೆ ಕೆಂಪಾಯಿತು.

"ನನಗೂ ಓದೋಕೆ ಬರುತ್ತೆ ಟೀಚರಮ್ಮ" ಎಂದಳು. "ಇಷ್ಟು ದಿನ ನನ್ನ ಕೈಯಲ್ಲೇ ಇತ್ತು ಇದು. ಮಾಮ ಓದಿದ್ದಾರಲ್ಲ, ಇನ್ನು ನಾನೇನು ಓದೋದು ಅಂತ ಬಿಟ್ಟೆ. ಅವರ ಬಾಯಿ ನಂಬಿ ದಿನಕ್ಕೆ ಎರಡು ಹೊತ್ತು ಇವರಿಗೆ ಕುಡಿಸಿದೆ. ಸೋಮವಾರ ಇವರನ್ನ ಸ್ಟೀರಿಂಗಿಂದ ಇಳಿಸಿದ್ರೆ ಯಾರನ್ನ ಕೇಳ್ಲಿ?"

ಟೀಚರಮ್ಮ ತಟ್ಟೆ ಎತ್ತಿಕೊಂಡು ಕೆಳಗಿಳಿದರು.

ಮಾಮ ಆ ಸಂಜೆಯ ಪಂದ್ಯಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು, ಕನ್ನಡಿಯ ಮುಂದೆ ತಲೆ ಬಾಚುತ್ತಾ ಹಾಡು ಗುನುಗುತ್ತಿದ್ದರು. ಟೀಚರಮ್ಮ ಲೋಟಗಳನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟರು, ಪಕ್ಕದಲ್ಲಿ ಪ್ಯಾಕೆಟ್. ಮಾಮ ಓದಿದರು. ಮತ್ತೊಮ್ಮೆ ಓದಿದರು. ಬಾಚಣಿಗೆ ಕೈಯಲ್ಲೇ ಉಳಿಯಿತು. ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು.

"ನಾನಿನ್ನು ಅಂಗಡಿ ಕಡೆ ಹೋಗಲ್ಲ ಕಣೇ."

"ಮೈದಾನದಲ್ಲಿ ಯಾವತ್ತಾದ್ರೂ ತಪ್ಪು ಗೋಲು ಕೂಗಿದ್ದುಂಟಾ?"

"ಒಂದ್ಸಲ. ಚೆಂಡು ಬಲೆಯ ಹೊರಗಿಂದ ತಾಗಿತ್ತು. ನನಗೆ ಒಳಗೆ ಹೋದ ಹಾಗೆ ಕಂಡಿತು."

"ಆಮೇಲೆ ಏನ್ ಮಾಡಿದ್ರಿ? ಮನೆಗೆ ಬಂದು ಕುರ್ಚಿ ಹಿಡಿದ್ರಾ?"

ಮಾಮ ತಲೆ ಎತ್ತಿದರು. "ಮೈಕಲ್ಲೇ ತಿದ್ದಿಕೊಂಡೆ."

"ಹಾಗಿದ್ರೆ ಏಳಿ. ನಾನೂ ಬರ್ತೀನಿ, ಲೋಟ ತಗೊಂಡು."

ಅಂಗಡಿ ಸೇರಿದ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಹಸಿರು ಪ್ಯಾಕೆಟ್ಟುಗಳ ಗೋಪುರ, ಆಳೆತ್ತರ. ಅದರ ಮೇಲೊಂದು ದೊಡ್ಡ ಪೋಸ್ಟರು. ಪೋಸ್ಟರಿನಲ್ಲಿ ಮೈಕ್ ಹಿಡಿದು ನಗುತ್ತಿರುವ ಮಾಮನ ಚಿತ್ರ, ಕೆಳಗೆ ದಪ್ಪ ಅಕ್ಷರ: ಮೈಕ್ ಮಾಮ ಗೆಲ್ಲಿಸಿದ ಸೂಪು. ಗೋಪುರದ ಪಕ್ಕ ಟೈ ಕಟ್ಟಿಕೊಂಡ ಒಬ್ಬ ಯುವಕ ಅತ್ತಿಂದಿತ್ತ ಓಡಾಡುತ್ತಿದ್ದ. ಸೂಪು ಕಂಪನಿಯ ಪ್ರತಿನಿಧಿ. ಮಾಮನನ್ನು ಕಂಡವನೇ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡ.

"ಸರ್, ನಿಮ್ಮನ್ನೇ ಕಾಯ್ತಾ ಇದ್ದೆ. ಈ ಒಂದು ಅಂಗಡಿಯಲ್ಲಿ ಹೋದಷ್ಟು ಮಾಲು ನಮಗೆ ಬೇರೆಲ್ಲೂ ಹೋಗಿಲ್ಲ. ನಮ್ಮ ದೊಡ್ಡವರು ನಿಮ್ಮ ದನಿ ಕೇಳಿ ಹುಚ್ಚರಾಗಿಬಿಟ್ಟಿದ್ದಾರೆ. ರೇಡಿಯೋ ಜಾಹೀರಾತಿಗೆ ನೀವೇ ಮಾತಾಡ್ಬೇಕಂತೆ. ದಿನಾ ಬೆಳಗ್ಗೆ ದೇಶಕ್ಕೆಲ್ಲ ನಿಮ್ಮ ದನಿ ಕೇಳುತ್ತೆ ಸರ್."

ರೇಡಿಯೋ. ಟೀಚರಮ್ಮ ಗಂಡನ ಮುಖ ನೋಡಿದರು. ಹರೆಯದಿಂದ ಈ ಮನುಷ್ಯ ಕಂಡ ಕನಸು ಅದೊಂದೇ. ಮೂರು ಸಲ ಅರ್ಜಿ ಹಾಕಿ ಬರಿಗೈಯಲ್ಲಿ ಬಂದಿದ್ದರು, ಆ ಸಂಕಟವನ್ನು ಟೀಚರಮ್ಮ ಬಲ್ಲರು. ಮಾಮ ಒಮ್ಮೆ ಪೋಸ್ಟರಿನ ಕಡೆ ನೋಡಿದರು.

ಮಾಮ ಮೆಲ್ಲಗೆ ಕೈ ಬಿಡಿಸಿಕೊಂಡು, "ಮೊದಲು ಇವತ್ತಿನ ಆಟ ಮುಗೀಲಿ ತಮ್ಮ" ಎಂದರು. ಸ್ಟೂಲು ಏರಿ ಕೂತು ಮೈಕ್ ಹಿಡಿದರು.

ಜನ ಕಿಕ್ಕಿರಿದಿದ್ದರು. ಹಣ ಕಟ್ಟುವ ಸಾಲಿನಲ್ಲಿದ್ದವರೂ ಗಾಡಿ ನೂಕಿಕೊಂಡು ಇತ್ತ ಬಂದರು.

"ಹೋದ ತಿಂಗಳು ಇದೇ ಜಾಗದಲ್ಲಿ ಹಸಿರು ತಂಡ ಗೆದ್ದಿತು ಅಂತ ನಾನು ಕೂಗಿದ್ದೆ. ನೀವೆಲ್ಲ ನಂಬಿದ್ರಿ. ಅದು ಗೋಲಲ್ಲ. ನಾನು ತಪ್ಪು ನೋಡಿದೆ."

ಅಷ್ಟಕ್ಕೇ ದನಿ ಹೂತುಹೋಯಿತು. ತುಟಿ ಅಲುಗಿತು, ಮಾತು ಬರಲಿಲ್ಲ. ಯಾರೋ, ಮಾಮನಿಗೆ ಹುಷಾರಿಲ್ಲವೇ ಎಂದು ಪಿಸುಗುಟ್ಟಿದರು. ನಾಲ್ಕು ಜನರೆದುರು ಮಾತಾಡುವುದು ಟೀಚರಮ್ಮನಿಗೆ ಹೊಲಿಗೆ ತರಗತಿಯಲ್ಲಷ್ಟೇ ರೂಢಿ. ಆದರೆ ಗಂಡ ಹಾಗೆ ಬಾಯಿ ಕಟ್ಟಿ ಕೂತದ್ದನ್ನು ಇನ್ನೊಂದು ಗಳಿಗೆ ನೋಡಲಾರದೆ, ತಟ್ಟೆ ಹಿಡಿದು ಮುಂದೆ ಬಂದೇಬಿಟ್ಟರು. ಮೂಲೆಯ ಚಹಾ ಯಂತ್ರದಿಂದ ಬಿಸಿ ನೀರು ತರಿಸಿದರು. ಗೋಪುರದಿಂದ ಒಂದು ಹಸಿರು ಪ್ಯಾಕೆಟ್ ಎಳೆದು, ಎಲ್ಲರೆದುರು ಹರಿದು, ತಟ್ಟೆಯಲ್ಲಿ ತಂದಿದ್ದ ಬಟ್ಟಲಲ್ಲಿ ಸೂಪು ಕದಡಿದರು.

"ಇದು ಎಷ್ಟು ಜನಕ್ಕೆ?" ಎಂದು ಕೇಳಿದರು, ತರಗತಿಯಲ್ಲಿ ಕೇಳುವ ದನಿಯಲ್ಲೇ.

"ಒಬ್ಬರಿಗೆ" ಎಂದರು ನಾಲ್ಕೈದು ಜನ ಒಟ್ಟಿಗೆ.

"ಪ್ಯಾಕೆಟ್ ಹೇಳುತ್ತೆ, ಮೂವರಿಗೆ ಅಂತ." ಬಟ್ಟಲನ್ನು ಬಗ್ಗಿಸಿ ಮೂರು ಲೋಟಕ್ಕೆ ಸುರಿದರು. ಮುಂದಿನ ಸಾಲಿನಲ್ಲಿ ಗೋದಾಮಿನ ಮೂಟೆ ಹೊರುವ ಭಾರಿ ಆಳೊಬ್ಬ ನಿಂತಿದ್ದ. ಅವನ ಕೈಗೆ ಒಂದು ಲೋಟ ಕೊಟ್ಟರು. "ತಗೋಪ್ಪ, ನಿನ್ನ ರಾತ್ರಿ ಊಟದ ಸೂಪು."

ಅವನ ಅಂಗೈಯಲ್ಲಿ ಆ ಲೋಟ ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿಯಂತೆ ಕಂಡಿತು. ಅವನು ಒಳಗೆ ಇಣುಕಿದ, ತಲೆಕೆಳಗೆ ಮಾಡಿ ಬಾಯಿಗೆ ಸುರಿದುಕೊಂಡ, ಇನ್ನೂ ಬರುತ್ತೇನೋ ಎಂದು ಕಾದ. ಬರಲಿಲ್ಲ. ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನಗ್ತಾ ಇದ್ದೀರಿ, ನಗಿ" ಎಂದರು ಟೀಚರಮ್ಮ. "ಹೊಲಿಗೆಯಲ್ಲಿ ನಾನು ಮೊದಲು ಹೇಳಿಕೊಡೋ ಪಾಠ ಇದು. ಟೇಪಲ್ಲಿ ಎಷ್ಟು ಬಂತು ಅನ್ನೋದು ಆಮೇಲೆ. ಟೇಪು ಎಲ್ಲಿಂದ ಹಿಡಿದಿದ್ದೀರಿ ಅದನ್ನ ನೋಡಿ. ಭುಜದಿಂದ ಹಿಡಿದವರು, ಮೊಣಕೈಯಿಂದ ಹಿಡಿದವರು ಒಂದೇ ತೋಳು ಹೊಲಿಯೋಕಾಗಲ್ಲ. ಈ ಇನ್ನೂರ ತೊಂಬತ್ತು ಅನ್ನೋದು ಆ ಲೋಟಕ್ಕೆ. ಬಟ್ಟಲಿಗೆ ಅಲ್ಲ."

ಮಾಮನ ಬೆನ್ನು ನೆಟ್ಟಗಾದದ್ದನ್ನು ಟೀಚರಮ್ಮ ಓರೆಗಣ್ಣಲ್ಲಿ ಕಂಡರು. ಮೈಕು ಬಾಯಿಗೆ ಹೋಯಿತು.

"ಪಂದ್ಯ ಮತ್ತೆ ಶುರು ಸ್ವಾಮಿ. ಈ ಸಲ ಇಬ್ಬರಿಗೂ ಒಂದೇ ಮೈದಾನ. ಬಟ್ಟಲಿಗೆ ಬಟ್ಟಲು. ಕೆಂಪು ತಂಡ ತಲೆ ತಗ್ಗಿಸಿ ಬರ್ತಾ ಇದೆ, ಯಾರ ಮುಖವೂ ನೋಡ್ತಾ ಇಲ್ಲ, ಆರುನೂರು. ಹಸಿರು ತಂಡ ಎದೆ ಮೇಲೆ ಹೃದಯ ಅಂಟಿಸ್ಕೊಂಡು ಬರ್ತಾ ಇದೆ, ಒಂದು ಲೋಟ ಇನ್ನೂರ ತೊಂಬತ್ತು, ಎರಡನೇ ಲೋಟ ಐನೂರ ಎಂಬತ್ತು, ಮೂರನೇ ಲೋಟ..."

"ಎಂಟುನೂರ ಎಪ್ಪತ್ತು" ಎಂದು ಜನ ಕೂಗಿದರು.

"ಎಂಟುನೂರ ಎಪ್ಪತ್ತು. ಸ್ವಂತ ಗೋಲಿಗೇ ಹೊಡ್ಕೊಂಡಿದೆ ಹಸಿರು ತಂಡ."

ಟೈ ಕಟ್ಟಿದವನು ಜನರ ನಡುವಿನಿಂದ ಕೈ ಎತ್ತಿಕೊಂಡು ಬಂದ. ಮುಖ ಬಿಳಿಚಿತ್ತು. "ಸರ್, ನಾವೇನೂ ಮುಚ್ಚಿಟ್ಟಿಲ್ಲ. ಎಲ್ಲಾ ಪ್ಯಾಕೆಟ್ ಮೇಲೇ ಬರೆದಿದ್ದೀವಿ."

"ಬರೆದಿದ್ದೀರಿ ತಮ್ಮ. ಅದನ್ನೇ ಓದಿದೆ. ನನ್ನದು ಅಂತ ಒಂದಕ್ಷರ ಸೇರಿಸಿಲ್ಲ."

"ಆದ್ರೆ ಯಾರೂ ಹೀಗೆ ಓದಲ್ಲ ಸರ್."

ಬಾಯಿಂದ ಮಾತು ಜಾರಿದ ಮೇಲೆ ಅವನಿಗೇ ಅದರ ಅರ್ಥ ಹೊಳೆಯಿತು. ಸುತ್ತ ಎದ್ದ ನಗೆಯಲ್ಲಿ ಅವನೂ ಅರೆಮನಸ್ಸಿನಿಂದ ಹಲ್ಲು ಕಿರಿದ. ಜನ ಬುಟ್ಟಿಯಿಂದ ಹಸಿರು ಪ್ಯಾಕೆಟ್ ತೆಗೆದು ಗೋಪುರಕ್ಕೆ ವಾಪಸ್ಸಿಡತೊಡಗಿದರು, ಗೋಪುರ ಇನ್ನಷ್ಟು ಎತ್ತರವಾಯಿತು. ಒಬ್ಬ ಮುದುಕಿ ಮಾತ್ರ ತನ್ನ ಪ್ಯಾಕೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ನನಗೆ ಇದರ ರುಚಿಯೇ ಇಷ್ಟ ಕಣಮ್ಮ. ಆದ್ರೆ ಇನ್ಮೇಲೆ ಒಂದನ್ನ ಮೂರು ದಿನ ಕುಡೀತೀನಿ" ಎಂದಳು. ಅದೂ ಸರಿಯೇ ಎಂದರು ಟೀಚರಮ್ಮ.

ಮ್ಯಾನೇಜರ್ ಪೋಸ್ಟರನ್ನು ತಾನೇ ಕಿತ್ತು ಸುರುಳಿ ಸುತ್ತಿ ಪ್ರತಿನಿಧಿಯ ಕೈಗಿಟ್ಟಳು. ಅವನು ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ರೇಡಿಯೋದ ಮಾತು ಅವನೂ ಎತ್ತಲಿಲ್ಲ, ಮಾಮನೂ ಕೇಳಲಿಲ್ಲ. ದಾರಿಯಲ್ಲಿ ಟೀಚರಮ್ಮ, "ಬೇಜಾರಾಯ್ತಾ?" ಎಂದು ಕೇಳಿದ್ದಕ್ಕೆ ಮಾಮ ಸ್ವಲ್ಪ ದೂರ ನಡೆದ ಮೇಲೆ, "ಆಯ್ತು" ಎಂದರು. ಮತ್ತೂ ಸ್ವಲ್ಪ ದೂರ ಹೋಗಿ, "ಆದ್ರೆ ಮೂರನೇ ಲೋಟಕ್ಕೆ ಅವರು ಕೂಗಿದ್ದು ಕೇಳಿದ್ಯಾ ನೀನು?" ಎಂದರು. ಅಷ್ಟು ಹೊತ್ತಿಗೆ ಮತ್ತೆ ಕಣ್ಣು ಮಿಂಚುತ್ತಿತ್ತು.

ಸೋಮವಾರ ಡಿಪೋದವರು ಡ್ರೈವರನನ್ನು ತಿಂಗಳ ಮಟ್ಟಿಗೆ ಸ್ಟೀರಿಂಗ್ ಬಿಡಿಸಿ ಟಿಕೆಟ್ ಕಿಟಕಿಯಲ್ಲಿ ಕೂರಿಸಿದರು. ಡಾಕ್ಟರು ಮಾತ್ರೆ ಹೆಚ್ಚಿಸಿ, ಪೊಟ್ಟಣದ ತಿಂಡಿಯನ್ನೆಲ್ಲ ಬಿಡಿಸಿದರು. ಅಷ್ಟು ದಿನವೂ ಅವನ ಹೆಂಡತಿ ಮೆಟ್ಟಿಲಿಳಿಯುವಾಗ ಮಾಮನ ಬಾಗಿಲ ಕಡೆ ಮುಖ ತಿರುಗಿಸಲಿಲ್ಲ. ಮಾಮ ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು ಕಾಲು ಹೇಗಿದೆ ಎಂದು ಕೇಳುವುದನ್ನು ಬಿಡಲಿಲ್ಲ, ಡ್ರೈವರ್ ಇಳಿದಿದೆ ಮಾಮ ಎನ್ನುವುದನ್ನೂ ಬಿಡಲಿಲ್ಲ. ಎರಡನೇ ತಪಾಸಣೆಯಲ್ಲಿ ಪಾಸಾಗಿ ಅವನು ಬಸ್ಸು ಹತ್ತಿದ ದಿನ, ಹೆಂಡತಿ ಧಡಧಡನೆ ಕೆಳಗಿಳಿದು ಬಂದು ಎರಡು ಬಿಸ್ಕತ್ತಿನ ಪೊಟ್ಟಣ ಮಾಮನ ಮುಂದೆ ಹಿಡಿದಳು.

"ಇದರಲ್ಲಿ ಯಾವುದು ಗೆಲ್ಲುತ್ತೆ ಹೇಳಿ."

ಮಾಮ ಕನ್ನಡಕ ಹುಡುಕುವಷ್ಟರಲ್ಲಿ ಅವಳೇ ಹೇಳಿದಳು. "ನಾನು ಆಗಲೇ ನೋಡಿದ್ದೀನಿ. ನೀವು ಸರಿಯಾಗಿ ಹೇಳ್ತೀರಾ ಅಂತ ಪರೀಕ್ಷೆ ಮಾಡ್ತಾ ಇದ್ದೀನಿ ಅಷ್ಟೇ."

ಅಂದಿನಿಂದ ಶನಿವಾರದ ಗುಂಪಿನಲ್ಲಿ ಅವಳದೇ ದೊಡ್ಡ ಬಾಯಿ. ಮಾಮ ಅಂಕಿ ಹೇಳಿದ ಕೂಡಲೇ, "ಎಷ್ಟಕ್ಕೆ?" ಎಂದು ಹಿಂದಿನಿಂದ ಕೇಳುತ್ತಾಳೆ. ನೂರು ಗ್ರಾಮಿಗೋ, ಚಮಚಕ್ಕೋ, ಪೊಟ್ಟಣಕ್ಕೋ ಎಂದು ತೀರ್ಮಾನವಾಗದೆ ಆಟ ಮುಂದೆ ಹೋಗುವಂತಿಲ್ಲ.

ಮೊನ್ನೆ ಶನಿವಾರ ಬೆಳಗ್ಗೆ ಹಾಲಿಗೆ ಹಾಕಿ ತಿನ್ನುವ ಗೋಧಿ ಫ್ಲೇಕ್ಸ್‌ಗಳ ಪಂದ್ಯವಿತ್ತು. ಮಾಮನಿಗೆ ನೆಗಡಿ, ದನಿ ಕೂತಿತ್ತು. ಆಟ ನಿಲ್ಲಿಸೋಣ ಎಂದಳು ಮ್ಯಾನೇಜರ್. ಜನ ಆಗಲೇ ಸೇರಿದ್ದರು. ಮಾಮ ಸ್ಟೂಲಿನಿಂದಿಳಿದು ಮೈಕನ್ನು ಹೆಂಡತಿಯ ಕೈಗಿಟ್ಟು, ನೀರಿನ ಬಾಟಲಿಯನ್ನು ತಾವು ಹಿಡಿದುಕೊಂಡು ಪಕ್ಕಕ್ಕೆ ನಿಂತರು. ಟೀಚರಮ್ಮ ಬೇಡ ಬೇಡ ಎನ್ನುತ್ತಲೇ ಸ್ಟೂಲು ಏರಿದರು. ಎರಡು ಡಬ್ಬಿ ಎತ್ತಿ ಬೆನ್ನು ತಿರುಗಿಸಿದರು. ಒಂದರಲ್ಲಿ ಸಕ್ಕರೆಯ ಅಂಕಿ ಕಂಡು ಕಣ್ಣು ಅಗಲವಾಯಿತು, ಇನ್ನೊಂದರಲ್ಲಿ ಅದಕ್ಕಿಂತ ಅಗಲವಾಯಿತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನೋಡಿದರೆ ನೂರಾರು ಕಣ್ಣು ತಮ್ಮ ಮೇಲೆ. ಹೀಗಿರುತ್ತದೆಯೇ ಇದು, ಇಷ್ಟು ವರ್ಷ ಇವರಿಗೆ ಹೀಗೇ ಆಗುತ್ತಿತ್ತೇ ಎಂದುಕೊಂಡರು.

"ಬೇಗ ಹೇಳಿ ಟೀಚರಮ್ಮ" ಎಂದ ಮೂಟೆಯ ಆಳು.

"ಅವಸರ ಮಾಡ್ಬೇಡಪ್ಪ" ಎಂದರು ಟೀಚರಮ್ಮ ಮೈಕಿನಲ್ಲಿ. "ಈಗ ನಾನು ಹೇಳೋದು ಕೇಳಿದ್ರೆ ನೀನು ಬುಟ್ಟಿ ಕೆಳಗೆ ಹಾಕ್ತೀಯ. ಮೊದಲು ಗಟ್ಟಿಯಾಗಿ ಹಿಡ್ಕೋ."